ಹೇರಿನ ಮೇಲಿನ ತೊಟ್ಟಿಲು

ದಬ್ಬೇಘಟ್ಟದ ಆಸುಪಾಸಿನಲ್ಲಿ ಒಂದು ಗಾಡಿ ಊರು ಬಿಡುತ್ತಿದೆ ಎಂದರೆ, ಅದರ ಮೇಲೆ ತಮ್ಮದೂ ಒಂದಿಷ್ಟು ಇಡದೆ ಕಳಿಸಲು ಜನಕ್ಕೆ ಮನಸ್ಸೇ ಬರುವುದಿಲ್ಲ. ತಿಪಟೂರಿಗೆ ಕೊಬ್ಬರಿ ಹೊರಟಿದ್ದರೆ ಚೀಲಗಳ ಮೇಲೊಂದು ಬಾಳೆಗೊನೆ, ಅಲ್ಲಿರುವ ತಮ್ಮನ ಮನೆಗೆ. ಎಳನೀರು ಹೊರಟಿದ್ದರೆ ಅದರ ಮೇಲೊಂದು ಕುಂಬಳಕಾಯಿ ಮೂಟೆ, ಚಿಕ್ಕಮ್ಮನ ಮನೆಗೆ. "ಹೆಂಗೂ ಓಯ್ತಾ ಐತಲ್ಲ" ಎಂಬ ಒಂದೇ ಮಾತಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ಹಗ್ಗ ಬಿಗಿದು, ಟಾರ್ಪಾಲು ಎಳೆದು, ಡ್ರೈವರ್ ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ ಯಾರಾದರೂ ಒಬ್ಬರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿ ಬಂದೇ ಬರುತ್ತಾರೆ. ಬೇಡ ಎನ್ನುವ ಡ್ರೈವರು ಈ ಕಡೆ ಬಾಳುವುದು ಕಷ್ಟ.

ಕಲ್ಲೇಶ ಬೇಡ ಎನ್ನುವ ಡ್ರೈವರು. ಚಿಕ್ಕನಾಯಕನಹಳ್ಳಿ ಕಡೆಯವನು, ನಲವತ್ತರ ಹತ್ತಿರದ ವಯಸ್ಸು. ನಿಂಗಮ್ಮನ ತೋಟದ ಪಕ್ಕದಲ್ಲಿರುವ ತೆಂಗಿನ ನಾರಿನ ಮಿಲ್ಲಿಗೆ ಆಗಾಗ ಲಾರಿ ತರುತ್ತಿದ್ದ. ಹೇರು ಕಟ್ಟಿ ಮುಗಿದ ಮೇಲೆ ಅವನು ಲಾರಿಯ ಸುತ್ತ ಒಂದು ಸುತ್ತು ಬರಬೇಕು. ಪ್ರತಿ ಹಗ್ಗಕ್ಕೂ ಕೈಹಾಕಿ, ಮೈಭಾರವನ್ನೆಲ್ಲ ಬಿಟ್ಟು ಜೋತುಬಿದ್ದು, ಗಂಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಮುಂದಿನ ಹಗ್ಗ. ಮಿಲ್ಲಿನವರು ಅವನಿಗೆ ಪ್ರದಕ್ಷಿಣೆ ಕಲ್ಲೇಶ ಎಂದು ಹೆಸರಿಟ್ಟಿದ್ದರು. ದೇವರ ಗುಡಿಯನ್ನೂ ಇಷ್ಟು ಭಕ್ತಿಯಿಂದ ಸುತ್ತುವುದಿಲ್ಲ ಎಂದು ಲೋಡ್ ಮಾಡುವ ಈರಣ್ಣ ಅವನ ಎದುರಿಗೇ ಆಡಿಕೊಳ್ಳುತ್ತಿದ್ದ. ಕಲ್ಲೇಶ ನಗುತ್ತಿದ್ದ, ಸುತ್ತು ಮಾತ್ರ ಬಿಡುತ್ತಿರಲಿಲ್ಲ.

ಆ ಬೆಳಿಗ್ಗೆ ನಿಂಗಮ್ಮನಿಗೆ ಅವನ ಲಾರಿಯ ಮೇಲೆ ಇಡಬೇಕಾಗಿದ್ದದ್ದು ಬಾಳೆಗೊನೆಯಲ್ಲ, ತೊಟ್ಟಿಲು.

ಮಗಳು ಧನ್ಯಶ್ರೀ ಹೆರಿಗೆಗೆ ತವರಿಗೆ ಬಂದು, ಗಂಡುಮಗುವನ್ನು ಹೆತ್ತು, ಬಾಣಂತನ ಮುಗಿಸಿಕೊಂಡು ಹಿಂದಿನ ದಿನ ತಾನೇ ಗಂಡನ ಮನೆಗೆ ಹೊರಟಿದ್ದಳು. ಗಂಡನ ಮನೆ ಇರುವುದು ಹುಳಿಯಾರು ದಾಟಿ, ಬೋರನಕಣಿವೆಯ ಹತ್ತಿರ. ಮಗುವಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕುವ ಶಾಸ್ತ್ರ ತಮ್ಮ ಮನೆಯಲ್ಲೇ ಆಗಲಿ ಎಂದು ಬೀಗರು ಕೇಳಿಕೊಂಡಿದ್ದರು, ನಿಂಗಮ್ಮ ಒಪ್ಪಿದ್ದಳು. ಆದರೆ ತೊಟ್ಟಿಲು ತವರಿನದೇ ಆಗಬೇಕು ಎಂದು ಅವಳದೊಂದು ಹಟ. ಅವಳ ಮಾವ ಹಲಸಿನ ಮರದಲ್ಲಿ ಮಾಡಿಸಿದ್ದ ತೂಗುತೊಟ್ಟಿಲು ಅದು. ಅದರಲ್ಲಿ ಮೊದಲು ಮಲಗಿದ್ದವನು ಅವಳ ಗಂಡ ದೊಡ್ಡಣ್ಣ, ಆಮೇಲೆ ಧನ್ಯಶ್ರೀ, ಇನ್ನು ಈ ಮೊಮ್ಮಗನ ಸರದಿ. ಅಳಿಯ ತಂದ ಕಾರಿನಲ್ಲಿ ಮಗಳು, ಮಗು, ದೊಡ್ಡಣ್ಣ, ಕೊಬ್ಬರಿ ಚೀಲ, ತುಪ್ಪದ ಡಬ್ಬ ಎಲ್ಲ ಹಿಡಿದವು, ತೊಟ್ಟಿಲು ಹಿಡಿಯಲಿಲ್ಲ. "ನಾಳೆ ಹಾಲು ಕರೆದು ಡೈರಿಗೆ ಹಾಕಿ ನಾನೇ ತತ್ತೀನಿ, ನೀವು ನಡೀರಿ" ಎಂದು ನಿಂಗಮ್ಮ ಧೈರ್ಯವಾಗಿ ಕಳಿಸಿಕೊಟ್ಟಿದ್ದಳು.

ಶಾಸ್ತ್ರ ಇದ್ದದ್ದು ಮಧ್ಯಾಹ್ನದ ಊಟಕ್ಕೆ ಮುಂಚೆ. ತವರಿನ ತೊಟ್ಟಿಲು ಬರದೆ, ಮಗುವನ್ನು ಪಕ್ಕದ ಮನೆಯಿಂದ ತಂದ ತೊಟ್ಟಿಲಿಗೆ ಹಾಕುವಂತಾದರೆ ಬೀಗಿತ್ತಿ ಬಾಯಿಬಿಟ್ಟು ಏನೂ ಅನ್ನುವವಳಲ್ಲ. ಅವಳು ಏನೂ ಅನ್ನದೆ ಇರುವುದೇ ನಿಂಗಮ್ಮನಿಗೆ ಹೆದರಿಕೆ.

ಕಲ್ಲೇಶನ ಲಾರಿ ನಾರು ಹೇರಿಕೊಂಡು ಹುಳಿಯಾರಿನ ಮೇಲೆ ಹಿರಿಯೂರಿಗೆ ಹೋಗುವುದಿತ್ತು. ಬೀಗರ ಊರು ದಾರಿಯಲ್ಲೇ ಸಿಗುತ್ತದೆ. ದೇವರೇ ಲಾರಿ ಕಳಿಸಿದ ಎಂದುಕೊಂಡು ನಿಂಗಮ್ಮ ಮಿಲ್ಲಿನ ಅಂಗಳಕ್ಕೆ ಹೋದಳು.

"ನೀವು ಬನ್ನಿ ಅಮ್ಮ, ಮುಂದೆ ಕೂತ್ಕಳಿ, ಅದಕ್ಕೇನಂತೆ," ಎಂದ ಕಲ್ಲೇಶ. "ತೊಟ್ಲು ಮಾತ್ರ ಮ್ಯಾಲೆ ಇಡಾಕಾಗಲ್ಲ."

"ಒಂದು ತೊಟ್ಲು ಕಣಪ್ಪ. ಆನೆ ಏನಲ್ಲ."

"ಆನೆ ಆಗಿದ್ರೆ ತಾನೇ ನಿಂತ್ಕಂಡಿರೋದು. ನಾರು ಅಂದ್ರೆ ಸ್ಪ್ರಿಂಗ್ ಇದ್ದಂಗೆ ಅಮ್ಮ. ರೋಡಲ್ಲಿ ಕುಲುಕಿ ಕುಲುಕಿ ಕುಗ್ತದೆ, ಹಗ್ಗ ಸಡಿಲ ಆಗ್ತದೆ. ಅದಕ್ಕೇ ಕೆ.ಬಿ. ಕ್ರಾಸ್ ಹತ್ರ ನಿಲ್ಸಿ ಇನ್ನೊಂದ್ಸಲ ಬಿಗೀತೀನಿ. ಮಧ್ಯದಾಗೆ ನೀವು ಗಟ್ಟಿ ಸಾಮಾನು ತುರುಕಿದ್ರೆ ಹಗ್ಗ ಅದನ್ನ ಹಿಡ್ಕಂತದೆ, ನಾರನ್ನ ಹಿಡಿಯಾಕಿಲ್ಲ." ಅವಳ ಮುಖ ಸಣ್ಣದಾದದ್ದನ್ನು ನೋಡಿ ಅವನು ಸ್ವಲ್ಪ ಮೆತ್ತಗಾದ. "ಬೇಕಾದ್ರೆ ಕ್ಯಾಬಿನ್ನಾಗೆ ನನ್ನ ಸೀಟಿನ ಹಿಂದೆ ಮಲಗೋ ಜಾಗ ಐತೆ. ಹಾಸಿಗೆ ಸುತ್ತಿಡ್ತೀನಿ, ಅಲ್ಲಿಡಿ."

ನಿಂಗಮ್ಮ ಇಣುಕಿ ನೋಡಿದಳು. ಸೀಟಿನ ಹಿಂದೆ ಒಂದಾಳು ಮಲಗುವಷ್ಟು ಹಲಗೆ, ಅದರ ಮೇಲೆ ಬಣ್ಣಗೆಟ್ಟ ಹಾಸಿಗೆ, ಎಣ್ಣೆ ಜಿಡ್ಡಿನ ದಿಂಬು, ಒಂದು ನೀರಿನ ಕ್ಯಾನು, ನೇತುಹಾಕಿದ ಬೆವರಿನ ಅಂಗಿ. ತೊಟ್ಟಿಲನ್ನು ಅವಳು ಬೆಳಗಿನ ಜಾವ ಅರಿಸಿನದ ನೀರಿನಲ್ಲಿ ತೊಳೆದು, ನಾಲ್ಕು ಮೂಲೆಗೂ ಕುಂಕುಮ ಇಟ್ಟು ತಂದಿದ್ದಳು. ಕಂಡಕಂಡವರು ಮಲಗಿ ಎದ್ದ ಹಾಸಿಗೆಯ ಮೇಲೆ ಮೊಮ್ಮಗನ ತೊಟ್ಟಿಲು ಇಡುವುದೇ? ಅದನ್ನು ಬಾಯಿಬಿಟ್ಟು ಹೇಳಲಿಲ್ಲ. "ಬಾಗಿಲು ಚಿಕ್ಕದು ಕಣಪ್ಪ, ಹಿಡಿಯಾಕಿಲ್ಲ," ಎಂದಳು.

"ಹಂಗಾದ್ರೆ ಬಸ್ಸೇ ಗತಿ."

"ಸರಿ ಬುಡು," ಎಂದಳು ನಿಂಗಮ್ಮ.

ನಿಂಗಮ್ಮನನ್ನು ಬಲ್ಲವರಿಗೆ ಗೊತ್ತು, ಅವಳು ಸರಿ ಬುಡು ಎಂದರೆ ಏನನ್ನೂ ಬಿಟ್ಟಿಲ್ಲ ಎಂದೇ ಅರ್ಥ. ಕಲ್ಲೇಶ ತನ್ನ ಪ್ರದಕ್ಷಿಣೆ ಮುಗಿಸುವವರೆಗೂ ಸುಮ್ಮನೆ ನಿಂತಿದ್ದಳು. ಅವನು ಕೊನೆಯ ಗಂಟನ್ನು ಒತ್ತಿ ನೋಡಿ ಕೈ ಒರೆಸಿಕೊಂಡದ್ದೇ, "ಬಾರಪ್ಪ, ತಿಂಡಿ ತಿಂದು ಹೊರಡು. ನಮ್ಮನೆ ಮುಂದಿಂದ ಯಾರನ್ನೂ ಹಸ್ಕಂಡು ಕಳಿಸಿದ್ದಿಲ್ಲ" ಎಂದು ಕರೆದುಕೊಂಡು ಹೋದಳು. ಹೋಗುವಾಗ ಈರಣ್ಣನಿಗೆ ಒಂದು ಕಣ್ಣು ಮಿಟುಕಿಸಿದಳು.

ಬಿಸಿ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೇಲೆ ಬೆಣ್ಣೆ. ಜಗಲಿಯ ಮೇಲೆ ಕಲ್ಲೇಶ ಬೆನ್ನು ಲಾರಿಗೆ ಬರುವಂತೆ ಕೂತಿದ್ದ. ಮಣೆ ಹಾಕಿದ್ದೇ ಹಾಗೆ. "ಇನ್ನೊಂದು ಹಾಕ್ಕಳಪ್ಪ" ಎಂದು ಅವಳು ಬಲವಂತ ಮಾಡುತ್ತಿದ್ದ ಹೊತ್ತಿಗೆ ಅತ್ತ ಈರಣ್ಣ ಹೇರಿನ ಮೇಲೆ ಹತ್ತಿ, ಎಡಗಡೆಯ ಹಿಂದಿನ ಗಂಟು ಬಿಚ್ಚಿ, ಹಗ್ಗ ಎತ್ತಿ, ತೊಟ್ಟಿಲನ್ನು ಅದರಡಿಗೆ ತೂರಿಸಿ ಮತ್ತೆ ಕಟ್ಟಿದ. ಅವನಿಗೂ ಇದು ಹೊಸದಲ್ಲ. ನಿಂಗಮ್ಮಕ್ಕ ಹೇಳಿದ ಮೇಲೆ ಇಲ್ಲ ಎನ್ನಲಾಗುತ್ತದೆಯೇ? ಹೆಂಗೂ ಓಯ್ತಾ ಐತಲ್ಲ.

ಹೊಟ್ಟೆ ತುಂಬಿದ ಕಲ್ಲೇಶ ಬಂದು ನೇರವಾಗಿ ಸ್ಟೇರಿಂಗ್ ಹಿಡಿದ. ನಿಂಗಮ್ಮ ಎಡಗಡೆಯ ಕಿಟಕಿಯ ಪಕ್ಕ ಕೂತು ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡಳು. "ತೊಟ್ಲು ಏನ್ ಮಾಡಿದ್ರಿ?" ಎಂದು ಅವನು ಕೇಳಿದ. "ಯಾರೋ ತತ್ತಾರೆ," ಎಂದಳು. ಸುಳ್ಳೇನಲ್ಲ ಎಂದು ತನಗೇ ಸಮಾಧಾನ ಹೇಳಿಕೊಂಡಳು.

ತುರುವೇಕೆರೆ ದಾಟುವವರೆಗೆ ಇಬ್ಬರೂ ಅದೂ ಇದೂ ಮಾತಾಡಿದರು. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳು ಹೈಸ್ಕೂಲು. ಅವಳ ತೋಟಕ್ಕೆ ಈ ವರ್ಷ ಬಿಳಿ ನೊಣದ ಕಾಟ. ಮನಸ್ಸಿನೊಳಗೆ ನಿಂಗಮ್ಮ ಲೆಕ್ಕ ಹಾಕುತ್ತಿದ್ದಳು: ಕೆ.ಬಿ. ಕ್ರಾಸ್‌ನಲ್ಲಿ ಇವನು ಇಳಿದು ನೋಡಿಯೇ ನೋಡುತ್ತಾನೆ. ಬೈಯುತ್ತಾನೆ. ಬೈಸಿಕೊಂಡರಾಯಿತು. ಅಷ್ಟು ದೂರ ಬಂದ ಮೇಲೆ ತೊಟ್ಟಿಲನ್ನೂ ಮುದುಕಿಯನ್ನೂ ರಸ್ತೆಯಲ್ಲಿ ಇಳಿಸಿ ಹೋಗುವ ಮನುಷ್ಯನಲ್ಲ.

ರಸ್ತೆಯ ಪಕ್ಕದ ತೆಂಗಿನ ತೋಟ ಮುಗಿದು ಬಯಲು ಬಂತು. ಬಿಸಿಲು ಬಲಗಡೆಯಿಂದ ಬೀಳುತ್ತಿತ್ತು. ಲಾರಿಯ ನೆರಳು ಎಡಗಡೆಯ ರಾಗಿ ಹೊಲದ ಮೇಲೆ ಜೊತೆಯಲ್ಲೇ ಓಡಿಬರುತ್ತಿತ್ತು. ನಿಂಗಮ್ಮ ಸುಮ್ಮನೆ ಅದನ್ನು ನೋಡುತ್ತಿದ್ದಳು. ಹೇರಿನ ನೆರಳಿನ ತುದಿಯಲ್ಲಿ ತೊಟ್ಟಿಲಿನ ನೆರಳು ಕಂಡಿತು. ಮೊದಲು ಖುಷಿಯಾಯಿತು. ಆಮೇಲೆ ಅದು ತೂಗುತ್ತಿದೆ ಎಂದು ಗೊತ್ತಾಯಿತು.

ಖಾಲಿ ತೊಟ್ಟಿಲು ತೂಗಬಾರದು. ಮಗುವಿಗೆ ಒಳ್ಳೆಯದಲ್ಲ ಎಂದು ಚಿಕ್ಕಂದಿನಿಂದ ಕೇಳಿದ ಮಾತು. ಧನ್ಯಶ್ರೀ ಸಣ್ಣವಳಿದ್ದಾಗ ಪಕ್ಕದ ಮನೆ ಮಕ್ಕಳು ಬಂದು ಖಾಲಿ ತೊಟ್ಟಿಲು ತೂಗಿದರೆ ನಿಂಗಮ್ಮ ಪೊರಕೆ ಹಿಡಿದು ಓಡಿಸುತ್ತಿದ್ದಳು. ಈಗ ಅವಳೇ ಇಟ್ಟ ತೊಟ್ಟಿಲು ಹೊಲದುದ್ದಕ್ಕೂ ತನ್ನಷ್ಟಕ್ಕೆ ತಾನೇ ತೂಗಿಕೊಂಡು ಬರುತ್ತಿತ್ತು. ಹೇಳಿಬಿಡಲೇ? ಹೇಳಿದರೆ ನಿಲ್ಲಿಸುತ್ತಾನೆ, ಬಿಚ್ಚುತ್ತಾನೆ, ಕಟ್ಟುತ್ತಾನೆ, ಹೊತ್ತಾಗುತ್ತದೆ. ಕೆ.ಬಿ. ಕ್ರಾಸ್ ಇನ್ನೇನು ಬಂತು. ಸಂಪಿಗೆಯ ಶ್ರೀನಿವಾಸ ದೇವ್ರೇ, ಅಲ್ಲಿಯವರೆಗೆ ಹಿಡ್ಕೊಳ್ಳಪ್ಪ.

ನೆರಳು ಇನ್ನೂ ವಾಲಿತು. ಅವಳಿಗೆ ತಡೆಯಲಾಗಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ ಹಿಂದಕ್ಕೆ ನೋಡಿದಳು.

ಲಾರಿಯ ಎಡಬದಿಗೆ ಅಂಟಿಕೊಂಡಂತೆ ಒಂದು ಸ್ಕೂಟರು ಬರುತ್ತಿತ್ತು. ಓಡಿಸುತ್ತಿದ್ದ ಹುಡುಗ ದಾರಿ ಸಿಕ್ಕೀತೇ ಎಂದು ಇಣುಕುತ್ತಿದ್ದ. ಹಿಂದೆ ಹೆಂಡತಿ, ಅವಳ ಮಡಿಲಲ್ಲಿ ಹಸುಗೂಸು. ಮುಡಿ ಕೊಟ್ಟ ಬೋಳುತಲೆಗೆ ಗಂಧ ಹಚ್ಚಿದ್ದರು, ಬಿಸಿಲಿಗೆ ಹಳದಿಯಾಗಿ ಹೊಳೆಯುತ್ತಿತ್ತು. ಅದರ ನೇರಕ್ಕೆ ಮೇಲೆ ನಿಂಗಮ್ಮನ ತೊಟ್ಟಿಲು ಅರ್ಧ ಹೊರಕ್ಕೆ ಬಂದು ನೇತಾಡುತ್ತಿತ್ತು.

"ನಿಲ್ಸಪ್ಪ! ನಿಲ್ಸು! ತೊಟ್ಲು ಮ್ಯಾಲೈತೆ, ನಾನೇ ಇಡಿಸ್ದೆ, ಬೀಳ್ತಾ ಐತೆ!"

ಕಲ್ಲೇಶ ಅವಳನ್ನು ಒಂದು ಸಲ ನೋಡಿದ. ಅಷ್ಟೇ. ಮರುಗಳಿಗೆಗೆ ಎರಡೂ ಕಡೆಯ ದೀಪ ಮಿಣುಕತೊಡಗಿದವು, ಅವನ ಬಲಗೈ ಕಿಟಕಿಯಿಂದ ಹೊರಗೆ ಹೋಗಿ ಹಿಂದಕ್ಕೆ, ಹಿಂದಕ್ಕೆ ಎಂದು ಬೀಸುತ್ತಿತ್ತು. ಲಾರಿ ನಿಲ್ಲಲಿಲ್ಲ.

"ಬ್ರೇಕ್ ಹಾಕಪ್ಪ!"

"ಹಾಕಿದ್ರೆ ಈಗ್ಲೇ ಬೀಳ್ತದೆ. ಪಕ್ಕಕ್ಕೆ ಮಣ್ಣಿಗೆ ಇಳಿಸಿದ್ರೂ ವಾಲ್ತದೆ." ಅವನ ದನಿ ಜಗಲಿಯಲ್ಲಿ ರೊಟ್ಟಿ ತಿನ್ನುವಾಗ ಇದ್ದಷ್ಟೇ ಶಾಂತವಾಗಿತ್ತು. "ಎಡಗಡೆ ನನಗೆ ಕಾಣಲ್ಲ ಅಮ್ಮ. ಯಾರವ್ರೆ?"

"ಸ್ಕೂಟರು. ಕೂಸೈತೆ."

"ಕೈ ಮಾಡಿ. ಹಿಂದಕ್ಕೆ ಕಳಿಸಿ ಅವ್ರನ್ನ."

ನಿಂಗಮ್ಮ ಸೊಂಟದವರೆಗೆ ಕಿಟಕಿಯಿಂದ ಹೊರಗೆ ಬಂದು ಎರಡೂ ಕೈ ಬೀಸಿದಳು. ಹುಡುಗ ಏನೋ ಕೇಳುತ್ತಿದ್ದಾರೆ ಎಂದುಕೊಂಡು ಇನ್ನೂ ಹತ್ತಿರಕ್ಕೆ ಬಂದ. "ಬರಬ್ಯಾಡ ಕಣಪ್ಪೋ! ಮ್ಯಾಲೆ ನೋಡು! ಮ್ಯಾಲೆ!" ಸೆರಗು ಗಾಳಿಗೆ ಹಾರಿ ಮುಖಕ್ಕೆ ಸುತ್ತಿಕೊಂಡಿತು, ಅದನ್ನು ಕಿತ್ತೆಸೆದು ಮತ್ತೆ ಕೂಗಿದಳು. ಹುಡುಗ ತಲೆ ಎತ್ತಿದ. ಸ್ಕೂಟರು ಗಕ್ಕನೆ ನಿಧಾನವಾಯಿತು, ಹಿಂದುಳಿಯಿತು, ನಿಂತಿತು. ಅದರ ಹಿಂದೆ ಬರುತ್ತಿದ್ದ ಆಟೋ ಕೂಡ ನಿಂತಿತು.

"ನಿಂತ್ರು," ಎಂದಳು.

ಕಲ್ಲೇಶ ಲಾರಿಯನ್ನು ಟಾರಿನ ಮೇಲೇ, ಮಲಗಿದ ಮಗುವಿನ ಪಕ್ಕದಿಂದ ಎದ್ದು ಹೋಗುವ ತಾಯಿಯಷ್ಟು ಮೆಲ್ಲಗೆ ನಿಲ್ಲಿಸಿದ. ಆದರೂ ನಿಲ್ಲುವಾಗ ಒಂದು ಸಣ್ಣ ಕುಲುಕು ಇದ್ದೇ ಇರುತ್ತದಲ್ಲ. ಅಷ್ಟಕ್ಕೇ ಮೇಲಿನಿಂದ ತೊಟ್ಟಿಲು ಜಾರಿತು, ಅದರ ಹಿಂದೆಯೇ ನಾರಿನ ಎರಡು ದೊಡ್ಡ ಪೆಂಡಿಗಳು. ಸ್ವಲ್ಪ ಮುಂಚೆ ಸ್ಕೂಟರು ಅಂಟಿಕೊಂಡು ಬರುತ್ತಿದ್ದ ಎಡಬದಿಗೇ ಬಿದ್ದವು. ಒಂದು ಪೆಂಡಿ ಒಡೆದು ನಾರೆಲ್ಲ ರಸ್ತೆಗೆ ಹರಡಿಕೊಂಡಿತು.

ನಿಂಗಮ್ಮ ಬಾಗಿಲು ಹಿಡಿದುಕೊಂಡು ಇಳಿದಳು. ಕಲ್ಲೇಶ ತೊಟ್ಟಿಲನ್ನೂ ನೋಡಲಿಲ್ಲ, ಹೇರನ್ನೂ ನೋಡಲಿಲ್ಲ. ನೇರವಾಗಿ ಸ್ಕೂಟರಿನ ಹತ್ತಿರ ಓಡಿದ. "ಮಗೀಗೇನೂ ಆಗಿಲ್ವಲ್ಲ?"

ಸ್ಕೂಟರಿನ ಹುಡುಗನ ಹೆಸರು ಪುನೀತ್. ಅದು ಆಮೇಲೆ ತಿಳಿದದ್ದು. ಆಗ ತಿಳಿದದ್ದು ಅವನ ಬಾಯಿ. "ಲೋಡ್ ಕಟ್ಟೋಕೆ ಬರಲ್ವೇನ್ರೀ? ಲೈಸೆನ್ಸ್ ಯಾರ್ರೀ ಕೊಟ್ರು ನಿಮ್ಗೆ? ಒಂದು ಗಳಿಗೆ ಹೆಚ್ಚುಕಮ್ಮಿ ಆಗಿದ್ರೆ ನನ್ ಹೆಂಡ್ತಿ ಮಗು ಇಲ್ಲೇ..."

ಕಲ್ಲೇಶ ಎರಡೂ ಕೈ ಮುಗಿದ. "ತಪ್ಪಾಯ್ತು ಕಣ್ರೀ. ನನ್ನ ಗಾಡಿ, ನನ್ನ ಹೇರು. ನಾನು ನೋಡ್ಬೇಕಿತ್ತು, ನೋಡ್ಲಿಲ್ಲ."

ಪುನೀತ್ ಇನ್ನೂ ನಾಲ್ಕು ಮಾತು ಅಂದ. ಕಲ್ಲೇಶ ಕೈ ಮುಗಿದುಕೊಂಡೇ ಕೇಳಿಸಿಕೊಂಡ. ಲಾರಿಯ ನೆರಳಿನಲ್ಲಿ ನಿಂತಿದ್ದ ನಿಂಗಮ್ಮನ ಕಡೆಗೆ ಒಂದು ಸಲವೂ ಬೆರಳು ತೋರಿಸಲಿಲ್ಲ, ಅತ್ತ ನೋಡಲೂ ಇಲ್ಲ. ಅವಳು ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ನಿಂಗಮ್ಮ ಮುಂದೆ ಬಂದಳು. "ಅವ್ನನ್ನ ಅನ್ನಬ್ಯಾಡ ಕಣಪ್ಪ. ಅವ್ನು ಚೆಂದಾಗಿ ಕಟ್ಟಿದ್ದ. ಬ್ಯಾಡ ಅಂತ ಬಾಯಿಬಿಟ್ಟು ಹೇಳಿದ್ದ. ಅವ್ನಿಗೆ ರೊಟ್ಟಿ ಹಾಕಿ ಕೂರ್ಸಿ, ಹಿಂದ್ಗಡೆಯಿಂದ ಗಂಟು ಬಿಚ್ಚಿಸಿ ಇಡಿಸ್ದೋಳು ನಾನು. ಬೈಯಂಗಿದ್ರೆ ನನ್ನ ಬೈಯಿ."

ಪುನೀತನ ಹೆಂಡತಿ ಅನಿತಾ ರಸ್ತೆಯಲ್ಲಿ ಬಿದ್ದಿದ್ದ ತೊಟ್ಟಿಲನ್ನೇ ನೋಡುತ್ತಿದ್ದಳು. "ಯಾರ್ದಮ್ಮ ಅದು?" ಎಂದು ಕೇಳಿದಳು.

"ನನ್ ಮೊಮ್ಮಗಂದು. ಇವತ್ತು ತೊಟ್ಲಿಗೆ ಹಾಕ್ಬೇಕು."

ಅನಿತಾ "ಇವನ್ನ ಸ್ವಲ್ಪ ಹಿಡ್ಕಳಿ ಅಮ್ಮ. ನಾನೊಂದ್ ಗಳಿಗೆ ಕೂತ್ಕಂತೀನಿ" ಎಂದು ಕೂಸನ್ನು ನಿಂಗಮ್ಮನ ಕೈಗೆ ಕೊಟ್ಟು ರಸ್ತೆಯ ಅಂಚಿನಲ್ಲಿ ಕುಸಿದು ಕುಳಿತಳು.

ಕೂಸು ಬೆಚ್ಚಗಿತ್ತು. ಏನೂ ಆಗಿಲ್ಲವೆನ್ನುವಂತೆ ನಿಂಗಮ್ಮನ ಮೂಗುಬೊಟ್ಟಿಗೆ ಕೈ ಚಾಚಿತು. ಅವರು ಹಿಂದಿನ ದಿನ ಸಂಪಿಗೆಯ ಶ್ರೀನಿವಾಸನ ಗುಡಿಯಲ್ಲಿ ಕೂಸಿನ ಮುಡಿ ಕೊಟ್ಟು, ಅಲ್ಲೇ ತವರಿನಲ್ಲಿ ಉಳಿದು, ಈಗ ಊರಿಗೆ ಹೊರಟವರಂತೆ. "ಶ್ರೀನಿವಾಸನೇ ಕಾಪಾಡ್ದ" ಎಂದು ಅನಿತಾ ಕಣ್ಣೊರೆಸಿಕೊಂಡಳು. ಹೌದು ಎಂದಳು ನಿಂಗಮ್ಮ. ಶ್ರೀನಿವಾಸ ಕಾಪಾಡಿದ. ಆದರೆ ಅವಳ ಕಣ್ಣಿಗೆ ಕಾಣುತ್ತಿದ್ದದ್ದು ಲಾರಿಯ ಕಿಟಕಿಯಿಂದ ಹೊರಗೆ ಚಾಚಿ ಹಿಂದಕ್ಕೆ, ಹಿಂದಕ್ಕೆ ಎನ್ನುತ್ತಿದ್ದ ಒಂದು ಕೈ. ಆ ಗಂಧದ ತಲೆಗೆ ಅವಳು ಮೂಗು ಒತ್ತಿ ಅತ್ತಳು. ಹೆದರಿಕೆಗೆ ಅಳು ಬಂದಿತ್ತೋ ಏನೋ, ಅಳುತ್ತ ಅಳುತ್ತ ಅದು ಸಂತೋಷದ ಅಳುವಾಯಿತು. ಬದುಕಿದೆ. ಈ ಕೂಸು ಬದುಕಿದೆ. ಇನ್ನೇನು ಬೇಕು?

ಪುನೀತನೇ ಅಂಗಿಯ ತೋಳು ಮಡಚಿ ಪೆಂಡಿ ಎತ್ತಲು ಕೈಕೊಟ್ಟ. ಆಟೋದವನೂ ಇಳಿದು ಬಂದ. ಕಲ್ಲೇಶ ಎಲ್ಲ ಹಗ್ಗವನ್ನೂ ಬಿಚ್ಚಿ ಮೊದಲಿನಿಂದ ಕಟ್ಟಿದ. ಕಟ್ಟಿ ಮುಗಿದ ಮೇಲೆ ಸುತ್ತು ಹೊರಟ. ಅವನ ಹಿಂದೆಯೇ ನಿಂಗಮ್ಮ ರೇಷ್ಮೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಅವನು ಎಳೆದು ಬಿಟ್ಟ ಪ್ರತಿ ಹಗ್ಗವನ್ನೂ ತಾನೊಂದು ಸಲ ಎಳೆದು ನೋಡಿದಳು. ಯಾರೂ ನಗಲಿಲ್ಲ.

ತೊಟ್ಟಿಲಿನ ಒಂದು ಬದಿಯಲ್ಲಿ ಎರಡು ಕಡ್ಡಿ ಮುರಿದುಹೋಗಿದ್ದವು. ಕಲ್ಲೇಶ ಅದನ್ನು ಎತ್ತಿಕೊಂಡು ನಿಂತ. ಎಲ್ಲಿಡಲಿ ಎಂದು ಕೇಳಲು ಅವನಿಗೆ ಸಂಕೋಚ.

"ನಿನ್ನ ಹಾಸಿಗೆ ಮ್ಯಾಲಿಡಪ್ಪ," ಎಂದಳು ನಿಂಗಮ್ಮ. "ಅದಕ್ಕಿಂತ ಒಳ್ಳೆ ಜಾಗ ಇವತ್ತು ನಂಗೆ ಯಾವುದೂ ಕಾಣಾಕಿಲ್ಲ."

ಸ್ವಲ್ಪ ಓರೆ ಮಾಡಿದರೆ ಬಾಗಿಲಿನಲ್ಲಿ ಸಲೀಸಾಗಿ ಹಿಡಿಯಿತು. ಅವನು ತನ್ನ ಹೊದಿಕೆ ಮಡಚಿ ಕೆಳಗೆ ಹಾಸಿ, ಟವೆಲಿನಿಂದ ತೊಟ್ಟಿಲನ್ನು ಕಂಬಿಗೆ ಬಿಗಿದ. ಆಮೇಲೆ ಅದನ್ನೂ ಎಳೆದು ನೋಡಿದ.

ಕೆ.ಬಿ. ಕ್ರಾಸ್‌ನಲ್ಲಿ ಇಳಿದು, ಬಿಗಿದು, ಹತ್ತಿ ಕೂತ ಮೇಲೆ ನಿಂಗಮ್ಮನೇ ಕೇಳಿದಳು. "ನನ್ನ ಹೆಸರು ಯಾಕೆ ಹೇಳ್ಲಿಲ್ಲ ನೀನು?"

"ಹೊರಡೋ ಮುಂಚೆ ಇನ್ನೊಂದು ಸುತ್ತು ಹಾಕೋದು ನನ್ನ ಕೆಲಸ ಅಮ್ಮ. ನಿಮ್ಮ ರೊಟ್ಟಿ ಚೆಂದಾಗಿತ್ತು, ಸೋಮಾರಿತನ ಬಂತು, ಹಾಕ್ಲಿಲ್ಲ. ಹಾಕಿದ್ರೆ ಅಲ್ಲೇ ಸಿಕ್ಕಾಕ್ಕಂತಿದ್ರಿ." ಅವನು ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ: "ಹಿಂದೆ ಬರೋರಿಗೆ ಮುಂದಿನ ಗಾಡಿ ಮ್ಯಾಲೆ ಏನೈತೆ, ಹೆಂಗ್ ಕಟ್ಟವ್ರೆ ಅಂತ ಗೊತ್ತಿರಾಕಿಲ್ಲ. ಕಟ್ಟಿರ್ತಾರೆ ಅಂತ ನಂಬ್ಕಂಡು ಮಕ್ಕಳ್ನ ಕೂರಿಸ್ಕಂಡು ಬತ್ತಾರೆ. ಯಾರು ಇಟ್ರು ಅನ್ನೋದು ಅವ್ರಿಗ್ಯಾಕೆ? ಗಾಡಿ ಮ್ಯಾಲಿರೋದೆಲ್ಲಾ ನಂದೇ. ಆದ್ರೆ ಇವತ್ತು ನೀವು ಕೂಗದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ. ನಿಮ್ಮ ಉಪಕಾರ ನಾನು ಮರೆಯಾಕಿಲ್ಲ."

ಉಪಕಾರ! ನಿಂಗಮ್ಮ ಸೀರೆಗೆ ಅಂಟಿಕೊಂಡಿದ್ದ ನಾರಿನ ಎಳೆಗಳನ್ನು ಬಿಡಿಸಿದಳು. ಸೀಟಿನ ಕೆಳಗೆ, ಒಡೆದ ಪೆಂಡಿಯಿಂದ ಕಲ್ಲೇಶ ಬಾಚಿ ತುಂಬಿಟ್ಟಿದ್ದ ನಾರು ಇತ್ತು. ಅವನನ್ನು ಕೇಳಿ ಒಂದು ಹಿಡಿ ತೆಗೆದುಕೊಂಡು, ತೊಡೆಯ ಮೇಲಿಟ್ಟು ಅಂಗೈಯಿಂದ ಹುರಿ ಹೊಸೆಯತೊಡಗಿದಳು. ಆ ಕಡೆಯ ಹೆಂಗಸರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಚಿಕ್ಕನಾಯಕನಹಳ್ಳಿ ದಾಟುವ ಹೊತ್ತಿಗೆ ಎರಡು ಮೊಳ ಹುರಿಯಾಗಿತ್ತು. ಹುಳಿಯಾರಿಗೆ ಬರುವಷ್ಟರಲ್ಲಿ ಹಿಂದಕ್ಕೆ ತಿರುಗಿ ಕೂತು, ಮುರಿದ ಕಡ್ಡಿಗಳ ಜಾಗದಲ್ಲಿ ಅಡ್ಡಡ್ಡ ಹೆಣೆದು ಮುಗಿಸಿದ್ದಳು. ಒಳಗಡೆ ಚುಚ್ಚದಂತೆ, ತೊಟ್ಟಿಲಿಗೆ ಹಾಸಲು ತಂದಿದ್ದ ತನ್ನ ಹಳೆಯ ಸೀರೆಯ ತುಂಡು ಸುತ್ತಿದಳು.

ಬೀಗರ ಮನೆಯಲ್ಲಿ ಎಲೆ ಹಾಕುವುದಕ್ಕೆ ಕಾಯುತ್ತಿದ್ದರು. "ಏನಮ್ಮ ಇಷ್ಟೊತ್ತು?" ಎಂದು ಧನ್ಯಶ್ರೀ ಬಾಗಿಲಿಗೆ ಬಂದಳು. ಬೀಗಿತ್ತಿಯ ಕಣ್ಣು ಮೊದಲು ಹೋದದ್ದು ನಾರಿನ ಹೆಣಿಗೆಯ ಕಡೆಗೇ. ಯಾವ ಸಬೂಬೂ ಹುಡುಕದೆ ನಿಂಗಮ್ಮ ಅಂಗಳದಲ್ಲಿ ನಿಂತುಕೊಂಡೇ ನಡೆದದ್ದನ್ನೆಲ್ಲ ಹೇಳಿದಳು, ರೊಟ್ಟಿಯ ಕಥೆಯನ್ನೂ ಬಿಡಲಿಲ್ಲ. ದೊಡ್ಡಣ್ಣ ತಲೆಗೆ ಕೈಹೊತ್ತುಕೊಂಡ. ಬೀಗಿತ್ತಿ ಆ ಹೆಣಿಗೆಯ ಮೇಲೆ ಒಂದು ಸಲ ಕೈಯಾಡಿಸಿ, "ಇದು ಹಿಂಗೇ ಇರ್ಲಿ ಬುಡಿ, ಕಡ್ಡಿ ಹಾಕ್ಸೋದು ಬ್ಯಾಡ" ಎಂದಳು. ಅಷ್ಟು ಹೇಳಿದ್ದಕ್ಕೆ ನಿಂಗಮ್ಮ ಅವಳ ಕೈ ಹಿಡಿದುಕೊಂಡಳು.

ಅಳಿಯ ಏಣಿ ಹತ್ತಿ ತೊಟ್ಟಿಲಿನ ನಾಲ್ಕು ಹಗ್ಗಗಳನ್ನೂ ಸೂರಿನ ಕೊಂಡಿಗೆ ಕಟ್ಟಿ ಇಳಿದ. ಮುತ್ತೈದೆಯರು ಆರತಿ ಹಿಡಿದು ನಿಂತರು. ಧನ್ಯಶ್ರೀ ಮಗುವನ್ನು ತಂದಳು.

"ತಡೀರಿ," ಎಂದು ನಿಂಗಮ್ಮ ಹೊರಗೆ ಓಡಿದಳು. ಕಲ್ಲೇಶ ಬಾಗಿಲಲ್ಲಿ ಕಾಫಿ ಕುಡಿದು ಲಾರಿ ಹತ್ತುವುದರಲ್ಲಿದ್ದ. "ಬಾರಪ್ಪ ಒಳೀಕೆ. ಒಂದ್ಸಲ ನೋಡ್ಬುಟ್ಟು ಹೋಗು."

"ನಾನ್ಯಾಕಮ್ಮ, ಶಾಸ್ತ್ರದ ಮನೆ..."

"ನೀನೇ ನೋಡ್ಬೇಕು. ನೀನು ಎಳೆದು ನೋಡದೆ ನಾನು ಕೂಸನ್ನ ಹಾಕಾಕಿಲ್ಲ."

ಕಲ್ಲೇಶ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಒಳಗೆ ಬಂದ. ತೊಟ್ಟಿಲಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದ. ಒಂದನೆಯ ಹಗ್ಗಕ್ಕೆ ಕೈಹಾಕಿ ಜೋತುಬಿದ್ದ, ಎರಡನೆಯದಕ್ಕೆ, ಮೂರನೆಯದಕ್ಕೆ. ನೆಂಟರೆಲ್ಲ ಮಿಕಮಿಕ ನೋಡುತ್ತಿದ್ದರು. ನಾಲ್ಕನೆಯ ಹಗ್ಗ ಅವನ ಭಾರಕ್ಕೆ ಒಂದು ಗೇಣು ಜಾರಿತು. ಅಳಿಯನ ಮುಖ ಬಿಳಿಚಿಕೊಂಡಿತು. ಕಲ್ಲೇಶ ಏಣಿ ಹತ್ತಿ, ಗಂಟು ಬಿಚ್ಚಿ, ಇನ್ನೊಂದು ಸುತ್ತು ಹೆಚ್ಚಿಗೆ ಸುತ್ತಿ ಕಟ್ಟಿ, ಇಳಿದು ಬಂದು ಮತ್ತೆ ಜೋತುಬಿದ್ದ. ಈಗ ಜಗ್ಗಲಿಲ್ಲ.

"ಇನ್ನು ಹಾಕ್ಬೋದಾ?" ಎಂದಳು ಧನ್ಯಶ್ರೀ.

"ಮೊದ್ಲು ಗುಂಡುಕಲ್ಲು," ಎಂದಳು ಬೀಗಿತ್ತಿ. ಮಗುವಿಗಿಂತ ಮುಂಚೆ ರುಬ್ಬುವ ಗುಂಡುಕಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಬಟ್ಟೆ ಸುತ್ತಿ, ತೊಟ್ಟಿಲಲ್ಲಿಟ್ಟು ತೂಗುವುದು ಹಿಂದಿನಿಂದ ಬಂದ ಪದ್ಧತಿ. ಕಲ್ಲು ಇಟ್ಟು ತೂಗಿದರು. ಹಗ್ಗ ಕಿರುಗುಟ್ಟಲೂ ಇಲ್ಲ.

ಕಲ್ಲೇಶ ಕಣ್ಣರಳಿಸಿ ನೋಡುತ್ತಿದ್ದ. "ಈ ಶಾಸ್ತ್ರ ಮಾಡಿಟ್ಟೋರು ಯಾರೋ ಹೇರು ಹೊಡೆಯೋರೇ ಇರ್ಬೇಕು ಕಣಮ್ಮ," ಎಂದ. ಮನೆಯೆಲ್ಲ ನಗು ತುಂಬಿತು.

ಊಟಕ್ಕೆ ಎಷ್ಟು ಹೇಳಿದರೂ ಅವನು ನಿಲ್ಲಲಿಲ್ಲ. ಹೇರು ಇಳಿಸಬೇಕಾದ ಕಡೆ ಕಾಯುತ್ತಿರುತ್ತಾರೆ ಎಂದ. ಹೋಳಿಗೆಯ ಪೊಟ್ಟಣವನ್ನು ನಿಂಗಮ್ಮ ಅವನ ಕೈಗೇ ಕೊಟ್ಟಳು. ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿ ಅವನು ಹೊರಟ.

ಮಗುವನ್ನು ಮಲಗಿಸಿದರು. ಕಿವಿಯಲ್ಲಿ ಹೆಸರು ಹೇಳಿದರು. ಮೊದಲ ತೂಗು ಅಜ್ಜಿಯದು ಎಂದು ಎಲ್ಲರೂ ನಿಂಗಮ್ಮನನ್ನು ಮುಂದೆ ತಳ್ಳಿದರು. ಅವಳು ತೊಟ್ಟಿಲಿನ ಅಂಚಿಗೆ ಕೈಯಿಟ್ಟಳು, ತೂಗಲಿಲ್ಲ. ಕಿವಿ ಹೊರಗಿತ್ತು. ಗಂಧ ಹಚ್ಚಿದ ಇನ್ನೊಂದು ತಲೆ ನೆನಪಾಯಿತು. ಆ ಕೂಸೂ ಈ ಹೊತ್ತಿಗೆ ತನ್ನ ಮನೆ ಸೇರಿ, ಹಾಲು ಕುಡಿದು ಮಲಗಿರುತ್ತದೆ.

"ತೂಗಮ್ಮ, ಯಾಕೆ ನಿಂತೆ?" ಎಂದಳು ಧನ್ಯಶ್ರೀ.

"ತಾಳವ್ವ."

ಹೊರಗೆ ಇನ್ನೂ ಸದ್ದಿರಲಿಲ್ಲ. ಅವನು ಸುತ್ತುತ್ತಿದ್ದಾನೆ, ಒಂದೊಂದೇ ಹಗ್ಗ ಎಳೆದು ನೋಡುತ್ತಿದ್ದಾನೆ ಎಂದು ಅವಳಿಗೆ ಗೊತ್ತಿತ್ತು. ಕಾದಳು. ಕೊನೆಗೆ ಬಾಗಿಲು ಹಾಕಿದ ಸದ್ದು ಬಂತು, ಎಂಜಿನ್ ಶುರುವಾಯಿತು, ಲಾರಿ ಮೆಲ್ಲಗೆ ರಸ್ತೆಗೆ ಇಳಿಯಿತು. ಆಗ ನಿಂಗಮ್ಮ ತೊಟ್ಟಿಲು ತೂಗಿದಳು.